ಹುಳು ಬದುಕಿರುವಷ್ಟು ದಿನ ರಕ್ತ ಹೆಪ್ಪುಗಟ್ಟುವುದಿಲ್ಲ

ರಕ್ತಕ್ಕೆ ಹೊರಗಿನ ವಸ್ತುವನ್ನು ಕಂಡರೆ ಆಗುವುದಿಲ್ಲ. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಬದುಕಿರುವವರೆಗೂ ನುಂಗಬೇಕು. ಸ್ಟೆಂಟ್ ಹಾಕಿಸಿಕೊಂಡವರಿಗೂ ತಿಂಗಳುಗಟ್ಟಲೆ ಎರಡೆರಡು ಮಾತ್ರೆ. ಲೋಹ ಎಷ್ಟೇ ನುಣುಪಾಗಿರಲಿ, ರಕ್ತ ಅದನ್ನು ಸುಮ್ನೆ ಬಿಡುವುದಿಲ್ಲ.

ಈಗ ಶಿಸ್ಟೊಸೋಮಾ ಎಂಬ ಹುಳುವನ್ನು ನೋಡಿ. ಉದ್ದ ಒಂದು ಸೆಂಟಿಮೀಟರಿನ ಆಸುಪಾಸು. ಗಂಡು ಹುಳುವಿನ ಮೈಯುದ್ದಕ್ಕೂ ಒಂದು ಮಡಿಕೆ, ಆ ಮಡಿಕೆಯೊಳಗೆ ಹೆಣ್ಣು. ಮನುಷ್ಯರ ಕರುಳಿನ ಅಥವಾ ಮೂತ್ರಕೋಶದ ಸುತ್ತಲಿನ ಅಭಿಧಮನಿಗಳಲ್ಲಿ, ಹರಿಯುವ ರಕ್ತದ ನಡುವೆಯೇ ಈ ಜೋಡಿಯ ಸಂಸಾರ. ಸಾಮಾನ್ಯವಾಗಿ 3ರಿಂದ 10 ವರ್ಷ ಬದುಕುತ್ತವೆ. 30 ವರ್ಷ ದಾಟಿದ್ದೂ ಉಂಟು. 1851ರಲ್ಲಿ ಕೈರೋದಲ್ಲಿ ಕೆಲಸ ಮಾಡುತ್ತಿದ್ದ ಜರ್ಮನ್ ವೈದ್ಯ ಥಿಯೊಡೋರ್ ಬಿಲ್‌ಹಾರ್ಜ್ ಶವಪರೀಕ್ಷೆ ಮಾಡುವಾಗ ಇದನ್ನು ಮೊದಲು ಗುರುತಿಸಿದರು. ಅಷ್ಟು ವರ್ಷ ರಕ್ತದಲ್ಲಿ ಮುಳುಗಿದ್ದರೂ ಜೀವಂತ ಹುಳುವಿನ ಮೈಗೆ ಹೆಪ್ಪು ಅಂಟುವುದಿಲ್ಲ. ಮನುಷ್ಯ ಮಾಡಿದ ಕವಾಟಕ್ಕೆ ಆಗದ ಕೆಲಸ ಹುಳುವಿಗೆ ಹೇಗೆ ಆಯಿತು?

"ಹುಳು ವಿಷ ಬಿಡುತ್ತದೆ" ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನನಗೆ ಈ ಮಾತು ಅಷ್ಟಾಗಿ ಒಪ್ಪಿಗೆಯಿಲ್ಲ. ತಾನು ವಾಸವಿರುವ ನಾಳಕ್ಕೇ ವಿಷ ಹಾಕಿದರೆ ಹುಳುವಿಗೇನು ಲಾಭ? ನಾಳ ಮುಚ್ಚಿದರೆ ಅದೂ ಸಾಯುತ್ತದೆ. ಈ ಹುಳುಗಳು ಹೊರಬಿಡುವ ಎಷ್ಟೋ ವಸ್ತುಗಳು ನಮ್ಮ ರಕ್ತನಾಳಗಳೇ ದಿನವೂ ತಯಾರಿಸಿ ಬಳಸುವಂಥವು. ಉಳಿದವು ನಮ್ಮ ನಾಳದ ಸಂದೇಶಗಳನ್ನು ಅಳಿಸಿಹಾಕುವಂಥವು. ಜೀವಂತ ಹುಳುವಿಗೆ ಬೇಕಾಗಿರುವುದು ತೆರೆದ, ಸರಾಗವಾಗಿ ಹರಿಯುವ ನಾಳ. ರೋಗದ ದೊಡ್ಡ ಪಾಲು ಬರುವುದು ಬೇರೆ ಕಡೆಯಿಂದ: ಅದರ ಮೊಟ್ಟೆಯಿಂದ, ಅದರ ಹೆಣದಿಂದ, ಮತ್ತೆ ಇವೆರಡರ ಮೇಲೆ ನಮ್ಮ ಮೈ ತೀರಿಸಿಕೊಳ್ಳುವ ಸಿಟ್ಟಿನಿಂದ. ಈ ವ್ಯತ್ಯಾಸವನ್ನು ಬಿಟ್ಟು ಹುಳುಗಳ ಬಗ್ಗೆ ಮಾತಾಡಿದರೆ ಚಿಕಿತ್ಸೆಯೂ ಅರ್ಥವಾಗುವುದಿಲ್ಲ, "ಹುಳು ಹೃದಯಕ್ಕೆ ಒಳ್ಳೆಯದಂತೆ" ಎಂಬ ಹೊಸ ಮಾತೂ ಅರ್ಥವಾಗುವುದಿಲ್ಲ.

ಗಾಜಿನ ಪಾತ್ರೆಯಲ್ಲಿ ಒಂದು ಉಂಗುರ

ರಕ್ತನಾಳ ಬರೀ ಕೊಳವೆಯಲ್ಲ. ಅದರ ಒಳಗೋಡೆಗೆ ಒಂದೇ ಒಂದು ಕೋಶದಷ್ಟು ದಪ್ಪದ ಪದರವಿದೆ. ಅದಕ್ಕೆ ಎಂಡೋಥೀಲಿಯಂ ಎನ್ನುತ್ತಾರೆ. ಅದರ ಹಿಂದೆ ಸ್ನಾಯುವಿನ ಪದರ. ನಾಳ ಹಿಗ್ಗಬೇಕೋ ಕುಗ್ಗಬೇಕೋ, ಬಿಳಿ ರಕ್ತಕಣಗಳು ಗೋಡೆಗೆ ಅಂಟಬೇಕೋ ಜಾರಿ ಮುಂದೆ ಹೋಗಬೇಕೋ, ರಕ್ತ ಹೆಪ್ಪುಗಟ್ಟಬೇಕೋ ಬೇಡವೋ, ಇದನ್ನೆಲ್ಲ ಬಹುಮಟ್ಟಿಗೆ ತೀರ್ಮಾನಿಸುವುದು ಆ ತೆಳು ಒಳಪದರವೇ.

1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮತ್ತು ಜಾನ್ ಜವಾಡ್‌ಸ್ಕಿ ಇದನ್ನು ಮೊಲದ ಮಹಾಪಧಮನಿಯ ತುಂಡಿನಲ್ಲಿ ತೋರಿಸಿಕೊಟ್ಟರು. ಬಿಗಿದುಕೊಂಡ ತುಂಡಿಗೆ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಹಾಕಿದರೆ ಅದು ಸಡಿಲವಾಗುತ್ತಿತ್ತು. ಒಳಪದರವನ್ನು ಮೆಲ್ಲಗೆ ಉಜ್ಜಿ ತೆಗೆದ ಮೇಲೆ ಅದೇ ತುಂಡು ಸಡಿಲವಾಗಲೇ ಇಲ್ಲ. ಅಂದರೆ ಒಳಪದರ ಸ್ನಾಯುವಿಗೆ ಏನೋ ಒಂದು ಸಂದೇಶ ಕಳಿಸುತ್ತಿದೆ ಎಂದಾಯಿತು. ಆ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಮುಂದೆ ಗೊತ್ತಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ ಇದಕ್ಕಾಗಿ ನೊಬೆಲ್ ಬಂತು. ಒಳಪದರ ಕಳಿಸುವ ಇನ್ನೊಂದು ಮುಖ್ಯ ಸಂದೇಶ ಪ್ರೊಸ್ಟಾಸೈಕ್ಲಿನ್. ಇದು ಪ್ರೊಸ್ಟಾಗ್ಲಾಂಡಿನ್ ಬಳಗಕ್ಕೆ ಸೇರಿದ್ದು. ನಾಳವನ್ನೂ ಹಿಗ್ಗಿಸುತ್ತದೆ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆಯೂ ತಡೆಯುತ್ತದೆ.

ಹುಳುಗಳ ಕತೆ ಶುರುವಾಗುವುದೂ ಇದೇ ಬಗೆಯ ಪ್ರಯೋಗದಿಂದ. ಇಲಿಯ ಮಹಾಪಧಮನಿಯನ್ನು ಕೆಲವೇ ಮಿಲಿಮೀಟರ್ ಅಗಲದ ಉಂಗುರಗಳಾಗಿ ಕತ್ತರಿಸುತ್ತಾರೆ. ಪ್ರತಿ ಉಂಗುರದೊಳಗೆ ಎರಡು ಸಣ್ಣ ತಂತಿ ಕೊಕ್ಕೆ ತೂರಿಸಿ ಗಾಜಿನ ಪಾತ್ರೆಯಲ್ಲಿ ತೂಗುಹಾಕುತ್ತಾರೆ. ಪಾತ್ರೆಯಲ್ಲಿ 37 ಡಿಗ್ರಿ ಬಿಸಿಯ ಲವಣದ್ರವ, ಕೆಳಗಿನಿಂದ ಆಮ್ಲಜನಕದ ಗುಳ್ಳೆಗಳು. ಕೆಳಗಿನ ಕೊಕ್ಕೆ ಅಲುಗದಂತೆ ಭದ್ರ. ಮೇಲಿನದು ಎಳೆತವನ್ನು ಅಳೆಯುವ ಯಂತ್ರಕ್ಕೆ ಜೋಡಿಸಿರುತ್ತದೆ. ಮೊದಲು ನಾಳವನ್ನು ಬಿಗಿಯುವ ಔಷಧ ಹಾಕುತ್ತಾರೆ. ಪರದೆಯ ಮೇಲೆ ಗೆರೆ ಏರಿ ನಿಲ್ಲುತ್ತದೆ. ಆಮೇಲೆ ಅಸಿಟೈಲ್‌ಕೋಲೀನ್ ಹನಿಸುತ್ತಾರೆ. ಒಳಪದರ ಆರೋಗ್ಯವಾಗಿದ್ದರೆ ಗೆರೆ ಸರಸರನೆ ಇಳಿಯುತ್ತದೆ. ಇಳಿಯಲಿಲ್ಲ ಎಂದರೆ ಒಳಪದರಕ್ಕೋ ಅದು ಕಳಿಸುವ ಸಂದೇಶಕ್ಕೋ ಏನೋ ಆಗಿದೆ.

ಸುಮಾರು 1990ರ ಹೊತ್ತಿಗೆ ಅಮೆರಿಕದ ಸಂಶೋಧಕರು ಈ ಪಾತ್ರೆಗೆ ಹಾರ್ಟ್‌ವರ್ಮ್ ಹುಳುಗಳ 'ನೀರನ್ನು' ಹಾಕಿ ನೋಡಿದರು. ಹಾರ್ಟ್‌ವರ್ಮ್ ಅಂದರೆ ಡೈರೊಫೈಲೇರಿಯಾ ಇಮಿಟಿಸ್. ನಾಯಿಗಳ ಶ್ವಾಸಕೋಶದ ಅಪಧಮನಿಗಳಲ್ಲಿ ಬೆಳೆಯುವ, ಹೆಣ್ಣಾದರೆ 25ರಿಂದ 30 ಸೆಂಟಿಮೀಟರ್ ಉದ್ದಕ್ಕೆ ಹೋಗುವ ದಾರದಂಥ ಹುಳು. ಬದುಕಿರುವ ಹುಳುಗಳನ್ನು ಪೋಷಕ ದ್ರವದಲ್ಲಿ ಸ್ವಲ್ಪ ಹೊತ್ತು ಇಟ್ಟರು. ಆಮೇಲೆ ಹುಳುಗಳನ್ನು ತೆಗೆದು ಆ ದ್ರವವನ್ನು ಮಾತ್ರ ಉಂಗುರದ ಪಾತ್ರೆಗೆ ಸುರಿದರು. ಅಸಿಟೈಲ್‌ಕೋಲೀನ್ ಹಾಕಿದಾಗ ಉಂಗುರ ಮೊದಲಿನಷ್ಟು ಸಡಿಲವಾಗಲಿಲ್ಲ. ಹುಳು ನಾಳವನ್ನು ಮುಟ್ಟಿಯೇ ಇಲ್ಲ, ಕಚ್ಚಿಲ್ಲ, ಅಡ್ಡ ನಿಂತಿಲ್ಲ. ಅದು ದ್ರವದಲ್ಲಿ ಬಿಟ್ಟುಹೋದ ವಸ್ತುವೇ ಸಾಕಾಯಿತು. ಸಂಶಯ ಹೋದದ್ದು ಪ್ರೊಸ್ಟಾಗ್ಲಾಂಡಿನ್ ಬಳಗದ ಮೇಲೆ.

ಸೋಂಕಿತ ನಾಯಿಗಳಲ್ಲಿ ಸಿಕ್ಕ ಸಂಗತಿ ಇನ್ನೂ ಕುತೂಹಲದ್ದು. ಹುಳುಗಳು ಇರುವುದು ಎದೆಯಲ್ಲಿ. ಆದರೆ ಹಿಂಗಾಲಿನ ತೊಡೆಯ ಅಪಧಮನಿಯ ಒಳಪದರದ ವರ್ತನೆಯೂ ಬದಲಾಗಿತ್ತು! ನಾಳ ಸಡಿಲವಾಗುತ್ತಿತ್ತು, ನಿಜ. ಆದರೆ ಅದಕ್ಕೆ ಬಳಸುತ್ತಿದ್ದ ರಾಸಾಯನಿಕ ದಾರಿ ಬೇರೆಯಾಗಿತ್ತು. ಹುಳುವಿನ ಪರಿಣಾಮ ಹುಳು ಇರುವ ಜಾಗದಲ್ಲಿ ಮಾತ್ರ ಎಂದು ಅಂದುಕೊಂಡಿದ್ದವರಿಗೆ ಇದು ದೊಡ್ಡ ಪಾಠ. ರಕ್ತದಲ್ಲಿರುವ ಹುಳು ಬಿಡುವ ವಸ್ತುವಿಗೆ ಇಡೀ ಮೈಯೇ ವಿಳಾಸ.

ನಮ್ಮದೇ ರಾಸಾಯನಿಕ, ಹುಳುವಿನ ಕಾರ್ಖಾನೆ

ಆನೆಕಾಲು ರೋಗ ತರುವ ಫೈಲೇರಿಯಾ ಹುಳುಗಳ ದೊಡ್ಡವು ಲಿಂಫ್ ನಾಳಗಳಲ್ಲಿ ಇರುತ್ತವೆ. ಅವುಗಳ ಮರಿಗಳಾದ ಮೈಕ್ರೊಫೈಲೇರಿಯಾಗಳು ಮಾತ್ರ ರಕ್ತದಲ್ಲಿ ಓಡಾಡುತ್ತವೆ. ಒಂದು ಮರಿಯ ಉದ್ದ ಮಿಲಿಮೀಟರಿನ ಕಾಲು ಭಾಗದಷ್ಟು. ಅತಿ ಸಣ್ಣ ರಕ್ತನಾಳದ ಅಗಲ ಎಷ್ಟೋ ಈ ಮರಿಯ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಬಹಳ ಕಡೆ ಇವು ರಾತ್ರಿ ಹೊತ್ತು ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ, ಹಗಲಲ್ಲಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ತಂಗುತ್ತವೆ. ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ ಹಾಜರಿರುವ ಲೆಕ್ಕಾಚಾರ ಇದು.

ಇಷ್ಟು ಮರಿಗಳು ಕಿರಿದಾದ ನಾಳಗಳಲ್ಲಿ ನುಸುಳಾಡುತ್ತಿದ್ದರೆ ಅಲ್ಲಲ್ಲಿ ಹೆಪ್ಪುಗಟ್ಟಿ ಅಡಚಣೆ ಆಗಬೇಕಿತ್ತು, ಅಲ್ವಾ? ಆಗುವುದು ಅಪರೂಪ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಕಾರಣ ಹುಡುಕಿತು. ಆನೆಕಾಲು ತರುವ ಹುಳುಗಳಲ್ಲೊಂದಾದ ಬ್ರೂಜಿಯಾ ಮಲಾಯಿಯ ಮರಿಗಳು ತಾವೇ ಪ್ರೊಸ್ಟಾಸೈಕ್ಲಿನ್ ಮತ್ತು ಪ್ರೊಸ್ಟಾಗ್ಲಾಂಡಿನ್ ಇ2 ತಯಾರಿಸಿ ಹೊರಬಿಡುತ್ತವೆ. ನಾಳದ ಒಳಪದರ ಏನನ್ನು ಬಿಡುತ್ತದೋ ಅದನ್ನೇ! ಈ ಮರಿಗಳ ಜೊತೆ ಇಟ್ಟ ಪ್ಲೇಟ್‌ಲೆಟ್‌ಗಳು ಸರಿಯಾಗಿ ಗುಂಪುಗೂಡುವುದಿಲ್ಲ ಎಂದೂ ಮುಂದೆ ತೋರಿಸಲಾಯಿತು. ಶ್ವಾಸಕೋಶದ ರಕ್ತದೊತ್ತಡ ಏರಿದ ರೋಗಿಗಳಿಗೆ ನಾವು ಇದೇ ಪ್ರೊಸ್ಟಾಸೈಕ್ಲಿನ್ನನ್ನು ಪಂಪ್ ಮೂಲಕ ದಿನದ 24 ಗಂಟೆಯೂ ರಕ್ತಕ್ಕೆ ಹಾಯಿಸುತ್ತೇವೆ. ಕೆಲವೇ ನಿಮಿಷಗಳಲ್ಲಿ ಅದು ಕರಗಿಹೋಗುವುದರಿಂದ ನಿಲ್ಲಿಸುವ ಹಾಗಿಲ್ಲ. ಬರಿಗಣ್ಣಿಗೆ ಕಾಣದ ಮರಿಹುಳು ಆ ಪಂಪಿನ ಕೆಲಸವನ್ನು ತನ್ನ ಸುತ್ತಮುತ್ತಲಿನ ಮಟ್ಟಿಗೆ ಮಾಡಿಕೊಳ್ಳುತ್ತಿದೆ.

ಇದು ಬರೀ ಪ್ರಯೋಗಾಲಯದ ಚೋದ್ಯವಲ್ಲ. ಆನೆಕಾಲು ರೋಗಕ್ಕೆ ದಶಕಗಳಿಂದ ಕೊಡುತ್ತಿರುವ ಡಿಇಸಿ ಮಾತ್ರೆ, ಅಂದರೆ ಡೈಈಥೈಲ್‌ಕಾರ್ಬಮಜೀನ್, 1947ರಲ್ಲಿ ಬಂದದ್ದು. ಯಲ್ಲಾಪ್ರಗಡ ಸುಬ್ಬರಾವ್ ಮುಖ್ಯಸ್ಥರಾಗಿದ್ದ ಲೆಡರ್ಲೆ ಪ್ರಯೋಗಾಲಯದಲ್ಲಿ ಅದು ರೂಪುಗೊಂಡಿತು. ಮಾತ್ರೆ ನುಂಗಿದ ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಮರಿಗಳು ಮಾಯವಾಗತೊಡಗುತ್ತವೆ. ವಿಚಿತ್ರ ಏನೆಂದರೆ, ಗಾಜಿನ ತಟ್ಟೆಯಲ್ಲಿ ಅದೇ ಪ್ರಮಾಣದ ಔಷಧ ಹಾಕಿದರೆ ಮರಿಗಳು ಆರಾಮಾಗಿ ಈಜಾಡಿಕೊಂಡಿರುತ್ತವೆ. ಔಷಧ ಹುಳುವನ್ನು ನೇರವಾಗಿ ಕೊಲ್ಲುತ್ತಿಲ್ಲ. ಅದು ಮರಿಹುಳು ಮತ್ತು ನಾಳದ ಒಳಪದರ ಎರಡರಲ್ಲೂ ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನು ತಗ್ಗಿಸುತ್ತದೆ ಎಂದು 1991ರ ಹೊತ್ತಿಗೆ ಗೊತ್ತಾಯಿತು. ಆ ರಕ್ಷಣೆ ತಪ್ಪಿದ ಮೇಲೆ ಮರಿಗಳು ನಾಳದ ಗೋಡೆಗೂ ರಕ್ತಕಣಗಳಿಗೂ ಸಿಕ್ಕಿಬೀಳುತ್ತವೆ ಎಂಬುದು ಇದರಿಂದ ಹುಟ್ಟಿದ ವಿವರಣೆ. ಇಲಿಗಳಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಒಂದು ಕಿಣ್ವವನ್ನು ಇಲ್ಲವಾಗಿಸಿದರೆ ಡಿಇಸಿ ಕೆಲಸವೇ ಮಾಡುವುದಿಲ್ಲ ಎಂಬುದೂ ಗೊತ್ತಾಗಿದೆ. ಜಗತ್ತಿನ ಅತಿ ಹೆಚ್ಚು ಹಂಚಿದ ಹುಳುವಿನ ಮಾತ್ರೆಗಳಲ್ಲೊಂದು, ರಕ್ತನಾಳದ ಮೂಲಕವೂ ಕೆಲಸ ಮಾಡುವ ಔಷಧ!

ಶಿಸ್ಟೊಸೋಮಾದ ಉಪಾಯ ಬೇರೆ. ಕೋಶಗಳಿಗೆ ಪೆಟ್ಟಾದಾಗ ಎಟಿಪಿ, ಎಡಿಪಿ ಎಂಬ ಅಣುಗಳು ಹೊರಚೆಲ್ಲುತ್ತವೆ. ಎಡಿಪಿ ಕಂಡರೆ ಪ್ಲೇಟ್‌ಲೆಟ್‌ಗಳು ಒಟ್ಟುಗೂಡುತ್ತವೆ. ಎಟಿಪಿ ಕಂಡರೆ ಉರಿಯೂತದ ಕೋಶಗಳು ಎಚ್ಚರಾಗುತ್ತವೆ. ಹೃದಯಾಘಾತ ಆದವರಿಗೆ ಕೊಡುವ ಕ್ಲೊಪಿಡೊಗ್ರೆಲ್ ಮಾತ್ರೆ ಪ್ಲೇಟ್‌ಲೆಟ್‌ನ ಮೇಲೆ ಎಡಿಪಿ ಬಂದು ಕೂರುವ ಜಾಗವನ್ನು, ಅಂದರೆ ಅದರ ಗ್ರಾಹಕವನ್ನು (ರಿಸೆಪ್ಟರ್), ಮುಚ್ಚುತ್ತದೆ. ಹುಳು ಗ್ರಾಹಕದ ತಂಟೆಗೆ ಹೋಗುವುದಿಲ್ಲ, ಎಡಿಪಿಯನ್ನೇ ಇಲ್ಲವಾಗಿಸುತ್ತದೆ. ಅದರ ಹೊರಮೈ ಮೇಲೆ ಸಾಲಾಗಿ ಕಿಣ್ವಗಳಿವೆ. ಒಂದು ಎಟಿಪಿ, ಎಡಿಪಿಗಳನ್ನು ಕತ್ತರಿಸಿ ಎಎಂಪಿ ಮಾಡುತ್ತದೆ. ಇನ್ನೊಂದು ಆ ಎಎಂಪಿಯನ್ನು ಅಡಿನೊಸಿನ್ ಆಗಿ ಬದಲಿಸುತ್ತದೆ. ಅಡಿನೊಸಿನ್ ನಾಳವನ್ನು ಹಿಗ್ಗಿಸುತ್ತದೆ, ಉರಿಯೂತವನ್ನು ತಣಿಸುತ್ತದೆ. ಅಪಾಯದ ಕೂಗು ಎದ್ದಲ್ಲೇ ಶಾಂತಿಯ ಸಂದೇಶವಾಗಿ ಮಾರ್ಪಾಡಾಗುತ್ತದೆ. ಇದರ ಮೇಲೆ, ರಕ್ತದಲ್ಲಿರುವ ಕಿನಿನೋಜನ್ ಎಂಬ ಪ್ರೊಟೀನನ್ನು ಕತ್ತರಿಸಿ ಬ್ರಾಡಿಕೈನಿನ್ ಹೊರತೆಗೆಯುವ ಕಿಣ್ವವೂ ಈ ಹುಳುವಿನಲ್ಲಿದೆ. ಬ್ರಾಡಿಕೈನಿನ್ ಕೂಡ ನಾಳ ಹಿಗ್ಗಿಸುವ ವಸ್ತುವೇ.

ಇಷ್ಟೆಲ್ಲ ಮಾಡುವ ಹುಳು ಉಪವಾಸವೇನೂ ಇರುವುದಿಲ್ಲ. ಒಂದು ಹೆಣ್ಣು ಶಿಸ್ಟೊಸೋಮಾ ಗಂಟೆಗೆ ಸುಮಾರು 3 ಲಕ್ಷ ಕೆಂಪು ರಕ್ತಕಣಗಳನ್ನು ನುಂಗುತ್ತದೆ ಎಂಬ ಅಂದಾಜಿದೆ. ಅಷ್ಟು ತಿನ್ನುವುದು ಮೊಟ್ಟೆಗಾಗಿ.

ಮೊಟ್ಟೆಯ ಸ್ವಾರ್ಥವೇ ಬೇರೆ

ಶಿಸ್ಟೊಸೋಮಾ ಮ್ಯಾನ್ಸೊನಿ ಜಾತಿಯ ಹೆಣ್ಣು ದಿನಕ್ಕೆ ಸುಮಾರು 300 ಮೊಟ್ಟೆ ಇಡುತ್ತದೆ. ಮೊಟ್ಟೆ ಮುಂದಿನ ಪೀಳಿಗೆಯಾಗಬೇಕಾದರೆ ರಕ್ತನಾಳದ ಗೋಡೆ ದಾಟಿ, ಕರುಳಿನ ಗೋಡೆ ದಾಟಿ, ಮಲದ ಜೊತೆ ಹೊರಗೆ ಹೋಗಿ ನೀರು ಸೇರಬೇಕು. ಹೀಗಾಗಿ ಮೊಟ್ಟೆಗೆ ಹರಿಯುವ ರಕ್ತ ಬೇಡ. ಅದಕ್ಕೆ ಗೋಡೆಗೆ ಅಂಟಿಕೊಳ್ಳಬೇಕು. ತಾಯಿ ಹುಳು ಹೆಪ್ಪುಗಟ್ಟುವುದನ್ನು ತಡೆದರೆ, ಮೊಟ್ಟೆಯ ಚಿಪ್ಪು ಹೆಪ್ಪುಗಟ್ಟುವಿಕೆಗೆ ಬೇಕಾದ ರಕ್ತದ ಪ್ರೊಟೀನುಗಳನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಒಳಪದರದ ಕೋಶಗಳ ಮೇಲೆ ಈ ಮೊಟ್ಟೆಗಳನ್ನು ಇಟ್ಟರೆ ಕೆಲವೇ ಗಂಟೆಗಳಲ್ಲಿ ಆ ಕೋಶಗಳು ತೆವಳಿಬಂದು ಮೊಟ್ಟೆಯ ಮೇಲೆ ಹಬ್ಬಿಕೊಳ್ಳುತ್ತವೆ. ಹಾಗೆ ಮುಚ್ಚಿಕೊಂಡ ಮೊಟ್ಟೆ ನಾಳದ ಹೊರಗೆ ಬಿದ್ದ ಹಾಗೇ ಆಯಿತು. ಒಂದೇ ಜೀವಿ, ಎರಡು ಹಂತ, ನಾಳದ ಮೇಲೆ ನೇರ ವಿರುದ್ಧ ಪರಿಣಾಮ. ಈ ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಬೆರಗು ಹುಟ್ಟಿಸಿದ್ದು ಇದು.

ಮೊಟ್ಟೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ದಾರಿ ಸಿಗುವುದಿಲ್ಲ. ಕರುಳಿನ ರಕ್ತವೆಲ್ಲ ಯಕೃತ್ತಿಗೆ ಹೋಗುತ್ತದೆ. ದಾರಿ ತಪ್ಪಿದ ಮೊಟ್ಟೆಯೂ ಅಲ್ಲಿಗೇ ಹೋಗಿ ಸಿಕ್ಕಿಕೊಳ್ಳುತ್ತದೆ. ಮೊಟ್ಟೆಯೊಳಗಿನ ಮರಿ ಬದುಕಿರುವ ಮೂರು ವಾರಗಳಷ್ಟು ಕಾಲ ಚಿಪ್ಪಿನ ಸಣ್ಣ ರಂಧ್ರಗಳಿಂದ ವಸ್ತುಗಳು ಸೋರುತ್ತಿರುತ್ತವೆ. ಅವು ಒಳಪದರದ ಕೋಶಗಳು ಹೆಚ್ಚುವಂತೆ, ಹೊಸ ರಕ್ತನಾಳ ಚಿಗುರುವಂತೆ ಮಾಡುತ್ತವೆ. ಅವುಗಳ ಸುತ್ತ ಮೈಯ ರಕ್ಷಣಾ ಕೋಶಗಳು ಗಂಟು ಕಟ್ಟುತ್ತವೆ, ಗಂಟು ಮಾಗಿ ನಾರಾಗುತ್ತದೆ. ವರ್ಷಗಳು ಕಳೆದಂತೆ ಯಕೃತ್ತಿನೊಳಗಿನ ಅಭಿಧಮನಿಗಳ ಸುತ್ತ ನಾರಿನ ಕೊಳವೆಗಳೇ ಬೆಳೆದು, ರಕ್ತಕ್ಕೆ ದಾರಿ ಕಿರಿದಾಗುತ್ತದೆ. ಒತ್ತಡ ಏರಿ ರಕ್ತ ಅಡ್ಡದಾರಿ ಹಿಡಿಯುತ್ತದೆ. ಅನ್ನನಾಳದ ಅಭಿಧಮನಿಗಳು ಉಬ್ಬಿ, ಒಡೆದು, ರಕ್ತವಾಂತಿಯಾಗಿ ಸಾಯುವವರು ಈ ಹಂತದವರು.

ಅಡ್ಡದಾರಿ ತೆರೆದ ಮೇಲೆ ಮೊಟ್ಟೆಗಳು ಯಕೃತ್ತನ್ನು ತಪ್ಪಿಸಿಕೊಂಡು ಶ್ವಾಸಕೋಶ ತಲುಪುತ್ತವೆ. ಅಲ್ಲಿ ಅದೇ ಕತೆ ಮತ್ತೆ. ಮೈಯ ಪ್ರತಿಕ್ರಿಯೆಯಲ್ಲಿ ಹೊರಬೀಳುವ ಐಎಲ್-4, ಐಎಲ್-13 ಎಂಬ ಸಂಕೇತಗಳು ಕೊನೆಗೆ ಟಿಜಿಎಫ್-ಬೀಟಾ ಎಂಬ ಬೆಳವಣಿಗೆಯ ಅಂಶವನ್ನು ಎಚ್ಚರಗೊಳಿಸುತ್ತವೆ. ಅಪಧಮನಿಯ ಗೋಡೆ ದಪ್ಪವಾಗುತ್ತದೆ, ಹೃದಯದ ಬಲಭಾಗ ದುಡಿದು ದುಡಿದು ಸೋಲುತ್ತದೆ. ಜಗತ್ತಿನಲ್ಲಿ ಶ್ವಾಸಕೋಶದ ಅಪಧಮನಿಗಳ ರಕ್ತದೊತ್ತಡಕ್ಕೆ ಮುಖ್ಯ ಕಾರಣಗಳ ಪಟ್ಟಿಯಲ್ಲಿ ಶಿಸ್ಟೊಸೋಮಾಕ್ಕೆ ಜಾಗವಿದೆ. ಆದರೂ ಈ ರೋಗದ ಔಷಧಗಳ ಪರೀಕ್ಷೆಗಳಲ್ಲಿ ಈ ರೋಗಿಗಳು ಕಾಣಿಸಿಕೊಳ್ಳುವುದು ಬಹಳ ಕಡಿಮೆ. ಹುಳು ಇರುವ ಕಡೆ ದುಡ್ಡಿಲ್ಲ, ಪರೀಕ್ಷೆ ನಡೆಯುವ ಕಡೆ ಹುಳುವಿಲ್ಲ.

ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆ ದೊಡ್ಡ ಹುಳುಗಳನ್ನು ಚೆನ್ನಾಗಿಯೇ ಕೊಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಮುಂಜಾಗ್ರತೆಯಾಗಿ ಇದು ಬೇಕಾಗಿರುವವರು ಸುಮಾರು 25 ಕೋಟಿ ಜನ. ಆದರೆ ಸಿಕ್ಕಿಕೊಂಡ ಮೊಟ್ಟೆಯನ್ನು, ಕಟ್ಟಿದ ನಾರನ್ನು ಅದು ತೆಗೆಯುವುದಿಲ್ಲ. ಮಲಪರೀಕ್ಷೆಯಲ್ಲಿ ಮೊಟ್ಟೆ ಇಲ್ಲ ಎಂದ ಮಾತ್ರಕ್ಕೆ ನಾಳ ಸರಿಹೋಯಿತು ಎಂದಲ್ಲ. ಮಕ್ಕಳಿಗೆ ಬೇಗ ಬೇಗ ಮಾತ್ರೆ ಕೊಡಬೇಕು ಎನ್ನುವುದು ಇದಕ್ಕೇ: ಬೆಲೆ ಇರುವುದು ಹುಳು ಕೊಲ್ಲುವುದಕ್ಕಲ್ಲ, ಮೊಟ್ಟೆಗಳು ಜಮೆಯಾಗುವ ಮೊದಲೇ ಕೊಲ್ಲುವುದಕ್ಕೆ.

ಹೊಸ ನಾಳ ಬೆಳೆಸುವ ವಿದ್ಯೆಯಲ್ಲಿ ಬೇರೆ ಹುಳುಗಳೂ ಹಿಂದೆ ಬಿದ್ದಿಲ್ಲ. ಟ್ರೈಕಿನೆಲ್ಲಾ ಎಂಬ ಹುಳುವಿನ ಮರಿ ಸ್ನಾಯುವಿನ ಒಂದು ಕೋಶದೊಳಗೆ ಸೇರಿಕೊಂಡು ಅದನ್ನು ತನ್ನ ಮನೆಯಾಗಿ ಮಾರ್ಪಡಿಸುತ್ತದೆ. ಕೆಲವು ದಿನಗಳಲ್ಲಿ ಆ ಕೋಶದ ಸುತ್ತ ವಿಇಜಿಎಫ್ ಎಂಬ ನಾಳ ಬೆಳೆಸುವ ಸಂಕೇತ ಹೆಚ್ಚುತ್ತದೆ, ಸಣ್ಣ ರಕ್ತನಾಳಗಳ ಬಲೆಯೊಂದು ಹೆಣೆದುಕೊಳ್ಳುತ್ತದೆ. ಯಕೃತ್ತಿನ ಚಪ್ಪಟೆ ಹುಳು ಒಪಿಸ್ತೋರ್ಕಿಸ್ ಬಿಡುವ ಗ್ರಾನ್ಯುಲಿನ್ ಎಂಬ ಪ್ರೊಟೀನು ಗಾಯ ಬೇಗ ಮಾಯುವಂತೆ, ನಾಳ ಚಿಗುರುವಂತೆ ಮಾಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಅದೇ ಹುಳು ಪಿತ್ತನಾಳದ ಕ್ಯಾನ್ಸರಿಗೂ ಕಾರಣ. ಇನ್ನು ಆನೆಕಾಲಿನಲ್ಲಿ ಲಿಂಫ್ ನಾಳ ಮೊದಲು ಹಿಗ್ಗುವುದು ಹುಳು ಬದುಕಿರುವಾಗಲೇ, ಬಾವು ಕಾಣಿಸಿಕೊಳ್ಳುವುದಕ್ಕೂ ಮೊದಲು. ಹಿಗ್ಗಿದ ನಾಳದ ಕವಾಟಗಳು ಮುಚ್ಚುವುದಿಲ್ಲ, ದ್ರವ ಹಿಂದಕ್ಕೆ ಜಾರುತ್ತದೆ. ಕಾಲು ಊದುವುದು ಇದರಿಂದ ಶುರು.

ಸತ್ತ ಹುಳುವಿನ ಕಾಟ

ಜೀವಂತ ಹುಳು ನಾಳವನ್ನು ತೆರೆದಿಡುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಪಶುವೈದ್ಯರನ್ನು ಕೇಳಬೇಕು. ಹಾರ್ಟ್‌ವರ್ಮ್ ಇರುವ ನಾಯಿಗೆ ಮೆಲಾರ್ಸೊಮಿನ್ ಎಂಬ ಚುಚ್ಚುಮದ್ದು ಕೊಟ್ಟು ದೊಡ್ಡ ಹುಳುಗಳನ್ನು ಕೊಲ್ಲುತ್ತಾರೆ. ಚುಚ್ಚುಮದ್ದು ಕೊಡುವುದು ಸುಲಭ. ಕಷ್ಟವಿರುವುದು ಆಮೇಲಿನ ವಾರಗಳಲ್ಲಿ. ನಾಯಿಯನ್ನು ಓಡಲು ಬಿಡುವ ಹಾಗಿಲ್ಲ, ಆಡಲು ಬಿಡುವ ಹಾಗಿಲ್ಲ. ಗೂಡಿನಲ್ಲೋ ಹಗ್ಗ ಕಟ್ಟಿಯೋ ಸುಮ್ಮನಿರಿಸಬೇಕು. ಮನೆಯವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಹುಳು ಇದ್ದಾಗ ಓಡಾಡಿಕೊಂಡಿದ್ದ ನಾಯಿ, ಹುಳು ಸತ್ತ ಮೇಲೆ ಯಾಕೆ ಮಲಗಬೇಕು?

ಸತ್ತ ಹುಳುವಿಗೆ ಪ್ರೊಸ್ಟಾಗ್ಲಾಂಡಿನ್ ತಯಾರಿಸಲು ಆಗುವುದಿಲ್ಲ ಎಂಬುದೇ ಉತ್ತರ. ಬದುಕಿದ್ದಾಗ ಹಾರ್ಟ್‌ವರ್ಮ್ ರಕ್ತದಲ್ಲಿರುವ ಪ್ಲಾಸ್ಮಿನೋಜನ್ ಎಂಬ ಪ್ರೊಟೀನನ್ನು ತನ್ನ ಮೇಲೆ ಹಿಡಿದಿಟ್ಟುಕೊಂಡು, ಹೆಪ್ಪು ಕರಗಿಸುವ ಪ್ಲಾಸ್ಮಿನ್ ಆಗುವಂತೆ ನೆರವಾಗುತ್ತಿತ್ತು. ಈಗ ಅದೂ ನಿಂತಿತು. ಹುಳುವಿನ ತುಂಡುಗಳು ಹರಿವಿನೊಂದಿಗೆ ಶ್ವಾಸಕೋಶದ ಸಣ್ಣ ಅಪಧಮನಿಗಳಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ, ಸುತ್ತ ಹೆಪ್ಪುಗಟ್ಟುತ್ತದೆ, ಉರಿಯೂತ ಭುಗಿಲೇಳುತ್ತದೆ. ನಾಯಿ ಓಡಿದರೆ ಶ್ವಾಸಕೋಶಕ್ಕೆ ಜಾಸ್ತಿ ರಕ್ತ ನುಗ್ಗುತ್ತದೆ, ಅಡಚಣೆ ಇನ್ನಷ್ಟು ಬಿಗಡಾಯಿಸುತ್ತದೆ. ಕೆಲವೊಮ್ಮೆ ಸಾವೇ ಬರುತ್ತದೆ. ಈ ಹುಳುವಿನೊಳಗೆ ವುಲ್‌ಬಾಕಿಯಾ ಎಂಬ ಬ್ಯಾಕ್ಟೀರಿಯಾ ಬೇರೆ ಇದೆ. ಹುಳು ಸತ್ತಾಗ ಅದೂ ಹೊರಚೆಲ್ಲಿ ಉರಿಗೆ ತುಪ್ಪ ಸುರಿಯುತ್ತದೆ. ಅದಕ್ಕೇ ಮೊದಲು ಡಾಕ್ಸಿಸೈಕ್ಲಿನ್ ಕೊಟ್ಟು ಆ ಬ್ಯಾಕ್ಟೀರಿಯಾವನ್ನು ತಗ್ಗಿಸಿ, ಆಮೇಲೆ ಹುಳುವಿಗೆ ಕೈ ಹಾಕುತ್ತಾರೆ.

ಹಾಗಂತ ಜೀವಂತ ಹುಳು ಸಾಧು ಎಂದಲ್ಲ. ಹಾರ್ಟ್‌ವರ್ಮ್ ವರ್ಷಗಟ್ಟಲೆ ಇದ್ದ ಅಪಧಮನಿಯ ಒಳಗೋಡೆ ಒರಟಾಗಿ, ಗಂಟುಗಂಟಾಗಿ ಬೆಳೆದಿರುತ್ತದೆ. ಇದರಲ್ಲೂ ಪ್ಲಾಸ್ಮಿನ್ನಿನ ಕೈವಾಡವಿದೆ ಎಂಬ ಅನುಮಾನವಿದೆ. ಹೆಪ್ಪು ಕರಗಿಸುವ ಅದೇ ಪ್ಲಾಸ್ಮಿನ್ ಹೆಚ್ಚಾದರೆ, ಗೋಡೆಯ ಸ್ನಾಯುಕೋಶಗಳು ಹೆಚ್ಚಿಕೊಂಡು ಒಳಮುಖವಾಗಿ ಸರಿಯುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಒಂದು ದಿನಕ್ಕೆ ನೆರವಾದದ್ದು ಐದು ವರ್ಷಕ್ಕೆ ಹೊರೆ.

ಹಾಗಾದರೆ ಹೃದಯಕ್ಕೆ ಹುಳು ಒಳ್ಳೆಯದೇ?

ಈಚಿನ ವರ್ಷಗಳಲ್ಲಿ ಈ ಪ್ರಶ್ನೆ ಜೋರಾಗಿ ಕೇಳಿಬರುತ್ತಿದೆ. ಅದು ಪೂರ್ತಿ ಬುಡವಿಲ್ಲದ್ದೇನಲ್ಲ. ಶಿಸ್ಟೊಸೋಮಾ ಮೊಟ್ಟೆಗಳು ಇಲಿಗಳಲ್ಲಿ ಕೊಲೆಸ್ಟರಾಲನ್ನೂ ಅಪಧಮನಿಗಳಲ್ಲಿ ಕಟ್ಟುವ ಕೊಬ್ಬಿನ ದಿಂಡನ್ನೂ ತಗ್ಗಿಸುತ್ತವೆ ಎಂದು 2002ರಲ್ಲೇ ಬಂದಿತ್ತು. ಇನ್ನೊಂದು ಫೈಲೇರಿಯಾ ಹುಳು ಬಿಡುವ ಇಎಸ್-62 ಎಂಬ ಪ್ರೊಟೀನಿನಿಂದಲೂ ಇಲಿಗಳಲ್ಲಿ ಇಂಥದೇ ಫಲ ಸಿಕ್ಕಿತು. 2017ರಲ್ಲಿ ಬೊಲಿವಿಯಾದ ತ್ಸಿಮಾನೆ ಜನರ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಎಲ್ಲರ ಕಣ್ಣು ಸೆಳೆಯಿತು. ಅವರಲ್ಲಿ 705 ವಯಸ್ಕರ ಹೃದಯದ ಸ್ಕ್ಯಾನ್ ಮಾಡಿದರೆ 85% ಜನರ ಹೃದಯದ ಅಪಧಮನಿಗಳಲ್ಲಿ ಸುಣ್ಣದ ಅಂಶ ಕಟ್ಟಿಯೇ ಇರಲಿಲ್ಲ. ಈ ಜನರಲ್ಲಿ ಹುಳುಗಳ ಸೋಂಕು ಮಾಮೂಲು.

ಆದರೆ ತ್ಸಿಮಾನೆ ಜನ ದಿನವಿಡೀ ಬೇಟೆ, ಮೀನು, ಬೇಸಾಯ ಎಂದು ದುಡಿಯುವವರು. ಧೂಮಪಾನ ಕಡಿಮೆ, ಸಂಸ್ಕರಿಸಿದ ತಿನಿಸೂ ಕಡಿಮೆ. ಅವರ ಹೃದಯದ ಆರೋಗ್ಯದ ಹೆಗ್ಗಳಿಕೆಯನ್ನು ಹುಳುವಿಗೆ ಕಟ್ಟುವುದು ಆತುರದ ಮಾತು. ಇದಕ್ಕಿಂತ ಗಟ್ಟಿ ಪುರಾವೆ ಬಂದದ್ದು ಉಗಾಂಡಾದಿಂದ. ವಿಕ್ಟೋರಿಯಾ ಸರೋವರದ ದ್ವೀಪದ ಹಳ್ಳಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದರು. ಒಂದಕ್ಕೆ ಮಾಮೂಲಿ ಹುಳುವಿನ ಮಾತ್ರೆ, ಇನ್ನೊಂದಕ್ಕೆ ಪದೇ ಪದೇ, ಜಾಸ್ತಿ. ನಾಲ್ಕು ವರ್ಷದ ಮೇಲೆ ನೋಡಿದಾಗ ಜಾಸ್ತಿ ಮಾತ್ರೆ ಸಿಕ್ಕ ಹಳ್ಳಿಗಳಲ್ಲಿ ಕೆಟ್ಟ ಕೊಲೆಸ್ಟರಾಲ್ ಸ್ವಲ್ಪ ಹೆಚ್ಚಿತ್ತು. ಅಂದರೆ ಹುಳು ಕಡಿಮೆಯಾದರೆ ಕೊಲೆಸ್ಟರಾಲ್ ಸ್ವಲ್ಪ ಏರುತ್ತದೆ ಎಂಬುದಕ್ಕೆ ಆಧಾರವಿದೆ.

ಇದನ್ನು ಹಿಡಿದುಕೊಂಡು ಹುಳುವಿನ ಮಾತ್ರೆ ನಿಲ್ಲಿಸಬೇಕೇ? ಖಂಡಿತ ಬೇಡ. ಕೊಲೆಸ್ಟರಾಲ್ ಇಳಿಸಲು ಅಗ್ಗದ ಮಾತ್ರೆಗಳಿವೆ. ನಾರುಗಟ್ಟಿದ ಯಕೃತ್ತನ್ನು, ದಪ್ಪಗಟ್ಟಿದ ಶ್ವಾಸಕೋಶದ ಅಪಧಮನಿಯನ್ನು ಹಿಂದಿನಂತೆ ಮಾಡುವ ಮಾತ್ರೆ ಇಲ್ಲ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ತಪಾಸಣೆ ಇಲ್ಲದ ಊರುಗಳಿಗೆ ಹುಳುವಿನ ಮಾತ್ರೆ ಹೋಗುವಾಗ ಅದರ ಬೆನ್ನಿಗೇ ಈ ತಪಾಸಣೆಗಳೂ ಹೋಗಲಿ ಎನ್ನುವುದು ಸರಿಯಾದ ಬೇಡಿಕೆ. ಆರೋಗ್ಯದ ಹೆಸರಿನಲ್ಲಿ ಹುಳುವಿನ ಮೊಟ್ಟೆ, ಮರಿ ನುಂಗಿಸುವವರ ಮಾತಿಗೆ ಬೀಳುವುದು ಮಾತ್ರ ಬೇಡ. ಹುಳು ಬಿಡುವ ನೂರಾರು ವಸ್ತುಗಳಲ್ಲಿ ಯಾವುದು ಎಷ್ಟು ಬರಬೇಕು ಎಂದು ಹುಳುವಿಗೆ ನಾವು ಹೇಳಲಾಗುವುದಿಲ್ಲವಲ್ಲ.

ಬೇಕಾದ ಅಣುವೊಂದನ್ನೇ ಬೇರೆ ಮಾಡಿಕೊಳ್ಳುವುದು ಜಾಣತನದ ದಾರಿ. ಕೊಕ್ಕೆಹುಳುವಿನ ವಿಷಯದಲ್ಲಿ ಈ ದಾರಿ ಬಹಳ ದೂರ ಸಾಗಿದೆ. ಕೊಕ್ಕೆಹುಳು ಕರುಳಿನ ಗೋಡೆಯನ್ನು ಕಚ್ಚಿ ರಕ್ತ ಹೀರುತ್ತದೆ. ಕಚ್ಚಿದ ಜಾಗದಲ್ಲಿ ಹೆಪ್ಪುಗಟ್ಟಿದರೆ ಊಟ ನಿಂತಂತೆ. ನಾಯಿಯ ಕೊಕ್ಕೆಹುಳುವಿನಲ್ಲಿ ಹೆಪ್ಪು ತಡೆಯುವ ವಸ್ತು ಇದೆ ಎಂದು 1904ರಲ್ಲೇ ಲೋಬ್ ಮತ್ತು ಸ್ಮಿತ್ ಎಂಬಿಬ್ಬರು ಬರೆದಿದ್ದರು. ಆ ಹುಳುವಿನ ಒಂದು ಪುಟ್ಟ ಪ್ರೊಟೀನು ಎನ್‌ಎಪಿಸಿ2. ಗಾಯವಾದಾಗ ಹೆಪ್ಪುಗಟ್ಟುವ ಸರಪಳಿ ಶುರುವಾಗುವ ಮೊದಲ ಕೊಂಡಿಯಲ್ಲೇ ಇದು ಅಡ್ಡಗಾಲು ಹಾಕುತ್ತದೆ. ಹುಳುವಿನ ಹಂಗಿಲ್ಲದೆ ಇದನ್ನು ಪ್ರಯೋಗಾಲಯದಲ್ಲೇ ತಯಾರಿಸಿ, ಮಂಡಿಯ ಕೀಲು ಬದಲಿಸಿಕೊಂಡ ರೋಗಿಗಳಲ್ಲಿ ಕಾಲಿನ ಅಭಿಧಮನಿ ಹೆಪ್ಪುಗಟ್ಟದಂತೆ ತಡೆಯಲು ಪರೀಕ್ಷಿಸಿದರು. 2003ರಲ್ಲಿ ಎಬೋಲಾ ಸೋಂಕು ತಗುಲಿಸಿದ ಕೋತಿಗಳಿಗೆ ಕೊಟ್ಟಾಗ, ಸಾಯಬೇಕಿದ್ದವುಗಳಲ್ಲಿ ಮೂರನೇ ಒಂದು ಭಾಗ ಉಳಿದುಕೊಂಡವು. ಕೋವಿಡ್ ಕಾಲದಲ್ಲಿ ಆಸ್ಪತ್ರೆ ಸೇರಿದ್ದ ರೋಗಿಗಳಿಗೂ ಕೊಟ್ಟುನೋಡಿದರು. ಔಷಧದಿಂದ ದೊಡ್ಡ ತೊಂದರೆಯೇನೂ ಕಾಣಲಿಲ್ಲ. ಆದರೆ ಹೆಪ್ಪು ತಡೆಯಲು ಮಾಮೂಲಾಗಿ ಕೊಡುವ ಹೆಪಾರಿನ್‌ಗಿಂತ ಮೇಲು ಎಂದೂ ತೋರಲಿಲ್ಲ. ಆ ಹೆಪಾರಿನ್ ಕೂಡ ಎಲ್ಲಿಂದಲೋ ಆಕಾಶದಿಂದ ಇಳಿದದ್ದಲ್ಲ; ಹೆಚ್ಚಿನ ಪಾಲನ್ನು ಇವತ್ತಿಗೂ ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುತ್ತಾರೆ.